ಒಂಬತ್ತು ಸಲ ಆರಾಮ

ಕೋವಿಡ್ ಬರುವುದಕ್ಕೆ ಒಂದು ವರ್ಷ ಮೊದಲಿನ ಮಾತು. ಬಾಗಲಕೋಟೆಯ ನವನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನಾಗ ಕ್ಯಾತ್‌ಲ್ಯಾಬಿನ ಇನ್‌ಚಾರ್ಜ್ ಸಿಸ್ಟರ್. ನರ್ಸಿಂಗ್ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ, ಕ್ಯಾತ್‌ಲ್ಯಾಬಿಗೆ ಬಂದು ಎಂಟು ವರ್ಷ ಆಗಿತ್ತು. ಹುಟ್ಟಿ ಬೆಳೆದದ್ದು ಅಲ್ಲೇ ಹತ್ತಿರದ ಕಮತಗಿಯಲ್ಲಿ. ಆಸ್ಪತ್ರೆಯ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಹೆಡ್‌ಮಾಸ್ತರಬಾಯಿ ಎಂದು ಕರೆಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಯಾಕೆಂದರೆ ಆ ಹೆಸರು ನನಗೆ ಒಳಗೊಳಗೇ ಇಷ್ಟವಾಗಿತ್ತು.

ಕ್ಯಾತ್‌ಲ್ಯಾಬ್ ಎಂದರೆ ಎದೆ ಸೀಳದೆ ಹೃದಯವನ್ನು ರಿಪೇರಿ ಮಾಡುವ ಕೋಣೆ. ಮಣಿಕಟ್ಟಿನಲ್ಲೋ ತೊಡೆಯ ಸಂದಿಯಲ್ಲೋ ಸೂಜಿ ಚುಚ್ಚಿ, ಅಲ್ಲಿಂದ ಕೂದಲಿನಷ್ಟು ಸಣ್ಣ ತಂತಿಯನ್ನು ರಕ್ತನಾಳದೊಳಗೆ ಹಾಯಿಸಿ, ಹೃದಯದ ತನಕ ಒಯ್ಯುತ್ತಾರೆ. ಎಲ್ಲಿ ಕೊಬ್ಬು ಕಟ್ಟಿ ನಾಳ ಮುಚ್ಚಿದೆಯೋ ಅಲ್ಲಿ ಪುಟ್ಟ ಬಲೂನು ಉಬ್ಬಿಸಿ ದಾರಿ ಬಿಡಿಸುತ್ತಾರೆ. ಆ ದಾರಿ ಮತ್ತೆ ಮುಚ್ಚದ ಹಾಗೆ ಲೋಹದ ಜಾಳಿಗೆಯ ಸಣ್ಣ ಕೊಳವೆಯೊಂದನ್ನು ಕೂಡಿಸುತ್ತಾರೆ, ಅದೇ ಸ್ಟೆಂಟ್. ಇಷ್ಟೆಲ್ಲ ನಡೆಯುವಾಗ ರೋಗಿ ಪೂರ್ತಿ ಎಚ್ಚರವಾಗಿರುತ್ತಾನೆ. ಚುಚ್ಚುವ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುತ್ತೇವೆ.

ಅರಿವಳಿಕೆ ಕೊಟ್ಟು ಮಲಗಿಸುವುದಿಲ್ಲ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮಲಗಿಸುವ ಅಗತ್ಯವಿರುವುದಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ, ಎಚ್ಚರವಿದ್ದವನು ಬಾಯಿಬಿಟ್ಟು ಹೇಳಬಲ್ಲ. ಎದೆ ಹಿಡಿದರೆ, ಉಸಿರು ಕಟ್ಟಿದರೆ, ಎಲ್ಲಾದರೂ ನೋವು ಕಾಣಿಸಿಕೊಂಡರೆ, ಮಾನಿಟರಿನಲ್ಲಿ ಗೊತ್ತಾಗುವುದಕ್ಕೆ ಮೊದಲೇ ಆತ ಹೇಳಿಬಿಡುತ್ತಾನೆ. ಹಾಗಾಗಿ ರೋಗಿಯ ತಲೆಯ ಬಳಿ ಒಬ್ಬ ಸಿಸ್ಟರ್ ನಿಂತು ಐದು ನಿಮಿಷಕ್ಕೊಮ್ಮೆ ಅವನನ್ನು ಮಾತಾಡಿಸಿ, ಹೇಳಿದ್ದನ್ನು ಚಾರ್ಟಿನಲ್ಲಿ ಬರೆಯಬೇಕು. ಆ ಕೆಲಸ ನನ್ನದು.

ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಆರಾಮ ಅದೀರಿಲ್ರಿ?"

ನಮ್ಮ ಕಡೆಯವರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಫೋನೆತ್ತಿದ ಕೂಡಲೇ, ಮೊದಲ ಮಾತು ಆರಾಮ, ಅದಕ್ಕೆ ಉತ್ತರವೂ ಆರಾಮ. ನಮ್ಮ ಓಣಿಯಲ್ಲಿ ಸತ್ತವರ ಮನೆಗೆ ಮಾತಾಡಿಸಲು ಹೋದವರೂ ಬಾಗಿಲಲ್ಲಿ ಆರಾಮ ಎಂದು ಕೇಳಿ, ಒಳಗಿನವರು ಆರಾಮ ಎಂದ ಮೇಲೆಯೇ ಅಳುವುದಕ್ಕೆ ಕೂರುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರಿಗಾದರೂ ಜಡ್ಡಾಗಿದ್ದರೆ ಅವರ ಮನೆಯವರು ಆರಾಮಿಲ್ಲ ಎನ್ನುತ್ತಾರೆ. ಜಡ್ಡಾದವನು ಮಾತ್ರ ತನ್ನ ಬಾಯಿಂದ ಅದನ್ನು ಹೇಳುವುದಿಲ್ಲ, ಹೇಳಿದರೆ ಕೇಳಿದವರಿಗೆ ಮುಜುಗರ ಮಾಡಿದ ಹಾಗೆ. ಇದೆಲ್ಲ ನನಗೆ ಎದೆಹಾಲಿನೊಂದಿಗೆ ಬಂದ ತಿಳಿವಳಿಕೆ. ಆದರೂ ಎಂಟು ವರ್ಷ ಇದೇ ಪ್ರಶ್ನೆ ಕೇಳಿದೆ, ಬಂದ ಉತ್ತರವನ್ನು 'ರೋಗಿ ಆರಾಮವಾಗಿದ್ದಾನೆ' ಎಂದು ಇಂಗ್ಲಿಷಿನಲ್ಲಿ ಬರೆದೆ.

ಮಲ್ಲಪ್ಪ ಇಳಕಲ್ಲಿನವರು. ಐವತ್ತೆರಡು ವಯಸ್ಸು, ಕೈಮಗ್ಗದಲ್ಲಿ ಸೀರೆ ನೇಯುವ ಮನೆತನ. ಅವರದು ಕುಣಿಮಗ್ಗ, ಅಂದರೆ ನೆಲದಲ್ಲಿ ಕುಣಿ ತೋಡಿ ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಒಂದು ತಿಂಗಳಿಂದ ಮಗ್ಗಕ್ಕೆ ಕೂತು ಹತ್ತು ನಿಮಿಷಕ್ಕೇ ಎದೆಯಲ್ಲಿ ಕಲ್ಲು ಇಟ್ಟಂತಾಗುತ್ತಿತ್ತಂತೆ. ಅದನ್ನೂ ಅವರು ಹೇಳಿದ್ದಲ್ಲ, ಹೆಂಡತಿ ನೀಲವ್ವ ಹೇಳಿದ್ದು. ಆಂಜಿಯೋಗ್ರಾಂ ಮಾಡಿಸಿದ್ದು ಬೇರೆ ಊರಿನಲ್ಲಿ, ತೊಡೆಯ ಮೂಲಕ. ಹೃದಯದ ಎಡಭಾಗದ ದೊಡ್ಡ ನಾಳದಲ್ಲಿ ಶೇಕಡಾ ತೊಂಬತ್ತು ಅಡ್ಡಿ ಇದೆ ಎಂದು ಅದರಲ್ಲಿ ಬಂದಿತ್ತು. ಸ್ಟೆಂಟ್ ಹಾಕಿಸಲು ನಮ್ಮಲ್ಲಿಗೆ ಬಂದರು.

ಬೆಳಿಗ್ಗೆ ನಾನು ಬಲ ಮಣಿಕಟ್ಟಿನ ಕೂದಲು ತೆಗೆಯುತ್ತಿದ್ದಾಗ ಮಲ್ಲಪ್ಪ ಮೆಲ್ಲಗೆ ಕೇಳಿದರು, "ಅಕ್ಕಾರ, ಹೋದ ಸಲ ತೊಡಿಲೆ ಮಾಡಿದ್ರು. ಈ ಸಲ ಕೈಲೆ ಮಾಡ್ತೀರೇನ್ರಿ? ಎಡಗೈಲೆ ಆಗಂಗಿಲ್ಲೇನ್ರಿ? ನಂದು ಲಾಳಿ ಓಡಿಸೂ ಕೈರಿ ಇದು."

ಲಾಳಿ ಎಂದರೆ ಮಗ್ಗದಲ್ಲಿ ಅಡ್ಡ ಎಳೆಯನ್ನು ಹೊತ್ತು ಆಚೆಯಿಂದ ಈಚೆ ಓಡುವ ಕಟ್ಟಿಗೆಯ ತುಂಡು. ಬಲಗೈಯಲ್ಲಿ ಹಗ್ಗ ಜಗ್ಗಿ ಅದನ್ನು ಓಡಿಸಬೇಕು. ನಾನು ಡಾಕ್ಟರಿಗೆ ಕೇಳಿದೆ. ನಮ್ಮ ಡಾಕ್ಟರು ಮೈಸೂರು ಕಡೆಯವರು, ಕೈಚಳಕದ ಮನುಷ್ಯ, ಮಾತು ಕಡಿಮೆ. ನಮ್ಮ ಭಾಷೆ ಅವರಿಗೆ ಅರ್ಧವೇ ಅರ್ಥವಾಗುತ್ತಿತ್ತು. ಉಳಿದರ್ಧವನ್ನು ಹೇಳುವುದಕ್ಕೆ ನಾನಿದ್ದೆ. "ಎಡಗೈ ಅಂದ್ರೆ ನಾನು ಟೇಬಲ್ ಮೇಲೆ ಬಗ್ಗಿ ನಿಲ್ಲಬೇಕು ಸಿಸ್ಟರ್, ಇವತ್ತು ಐದು ಕೇಸ್ ಇವೆ. ಕೈಗೇನೂ ಆಗಲ್ಲ ಅಂತ ಹೇಳಿ" ಎಂದರು. ನಾನು ಮೊದಲರ್ಧ ಬಿಟ್ಟು ಕೊನೆಯ ಮಾತಷ್ಟನ್ನು ಮಲ್ಲಪ್ಪನವರಿಗೆ ದಾಟಿಸಿದೆ. ಅವರು ಹೂಂ ಎಂದರು.

ಟೇಬಲ್ ಮೇಲೆ ಮಲಗಿಸಿದ ಮೇಲೆ ನನ್ನ ಪಾಠ ಶುರುವಾಯಿತು. ಅಲುಗಾಡಬಾರದು. ಕೈ ಎತ್ತಬಾರದು. ಡಾಕ್ಟರ ಜೊತೆ ಮಾತಾಡಬಾರದು. ನಾನು ಕೇಳಿದಾಗ ಮಾತ್ರ, ಕೇಳಿದ್ದಕ್ಕೆ ಮಾತ್ರ ಉತ್ತರ. ಈ ಪಾಠ ಎಲ್ಲರಿಗೂ ಹೇಳುತ್ತಿದ್ದೆ. ಹೇಳುವಾಗ ದನಿಯನ್ನು ಬೇಕೆಂದೇ ಗಡಸು ಮಾಡಿಕೊಳ್ಳುತ್ತಿದ್ದೆ, ಯಾಕೆಂದರೆ ಹೆದರಿದವರು ಅಲುಗಾಡುವುದಿಲ್ಲ. ಮಲ್ಲಪ್ಪ ಶಾಲೆಯ ಮಗುವಿನಂತೆ ತಲೆಯಾಡಿಸಿದರು. ತಲೆಯನ್ನೂ ಆಡಿಸಬೇಡಿ ಎಂದು ಗದರಿದೆ.

ಬೆಳಿಗ್ಗೆ ಹತ್ತು ಐವತ್ತಕ್ಕೆ ಸೂಜಿ ಚುಚ್ಚಿದರು. ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಟ್ಟೆವು. ತಂತಿ ಮೊಣಕೈ ಹತ್ತಿರ ಬರುವ ಹೊತ್ತಿಗೆ ತಡೆಯಿತು. ಡಾಕ್ಟರು ಹಿಂದೆ ಎಳೆದು, ತಿರುಗಿಸಿ, ಮತ್ತೆ ನೂಕಿದರು. ಎರಡನೆಯ ಸಲಕ್ಕೂ ತಡೆಯಿತು. ಮೂರನೆಯ ಸಲ ಸ್ವಲ್ಪ ಜೋರಾಗಿಯೇ ನೂಕಿದರು, ಹೋಯಿತು. ಆ ಕ್ಷಣದಲ್ಲಿ ಮಲ್ಲಪ್ಪನವರ ಹಲ್ಲು ಕಚ್ಚಿದ ಸದ್ದು ನನಗೆ ಕೇಳಿಸಿತು. ತಂತಿಯ ತುದಿ ಒಂದು ಸಣ್ಣ ಕವಲುನಾಳಕ್ಕೆ ಹೊಕ್ಕು ಅದನ್ನು ಹರಿದಿತ್ತು ಎಂದು ಆಮೇಲೆ ತಿಳಿಯಿತು. ಇದು ಎಂಥ ನುರಿತ ಕೈಯಲ್ಲೂ ಆಗಬಹುದಾದದ್ದು. ಬೇಗ ಗೊತ್ತಾದರೆ ಒತ್ತಿ ಕಟ್ಟಿ ನಿಲ್ಲಿಸಬಹುದು. ಗೊತ್ತಾಗದಿದ್ದರೆ ರಕ್ತ ತೋಳಿನ ಒಳಗೇ ಸೋರಿ, ಬಿಗಿಯಾದ ಪೊರೆಗಳ ನಡುವೆ ತುಂಬಿಕೊಂಡು, ಸ್ನಾಯುಗಳ ಉಸಿರು ಹಿಸುಕುತ್ತದೆ. ಹೆಪಾರಿನ್ ಕೊಟ್ಟಾಗಿತ್ತು, ಹಾಗಾಗಿ ಸೋರಿಕೆ ತಾನಾಗಿ ನಿಲ್ಲುವ ಹಾಗಿರಲಿಲ್ಲ. ಬಲಗೈ ಪೂರ್ತಿ ಹಸಿರು ಬಟ್ಟೆಯ ಅಡಿಯಲ್ಲಿತ್ತು. ಆಮ್ಲಜನಕ ಅಳೆಯುವ ಕ್ಲಿಪ್ಪು ಎಡಗೈಯ ಬೆರಳಿಗಿತ್ತು. ಮಾನಿಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು.

ಹತ್ತು ಐವತ್ತೈದಕ್ಕೆ ಕೇಳಿದೆ. ಆರಾಮ ಅದೀನ್ರಿ ಎಂದರು. ಬರೆದೆ.

ಹನ್ನೊಂದಕ್ಕೆ ಕೇಳಿದೆ, ಹನ್ನೊಂದು ಐದಕ್ಕೆ ಕೇಳಿದೆ. ಎರಡೂ ಸಲ ಅದೇ ಉತ್ತರ. ಹನ್ನೊಂದು ಹತ್ತಕ್ಕೆ ಅವರ ಮೇಲ್ದುಟಿಯ ಮೇಲೆ ಬೆವರು ಸಾಲಾಗಿ ನಿಂತಿತ್ತು, ಕೋಣೆಯ ಎಸಿಗೆ ನಾನೇ ಸ್ವೆಟರ್ ಹಾಕಿಕೊಂಡು ನಿಂತಿದ್ದೆ. ಹೆದರಿಕೆಗೆ ಬೆವರುತ್ತಿದ್ದಾರೆ ಎಂದುಕೊಂಡು ಒರೆಸಿದೆ. ಡಾಕ್ಟರು ಅವತ್ತು ಖುಷಿಯಲ್ಲಿದ್ದರು, ಪರದೆ ತೋರಿಸಿ, ಅದೇ ನೋಡಿ ನಿಮ್ಮ ಹೃದಯ ಎಂದರು. ಕಪ್ಪು ಬಿಳುಪಿನಲ್ಲಿ ಬಡಿಯುತ್ತಿದ್ದ ತನ್ನದೇ ಹೃದಯವನ್ನು ಮಲ್ಲಪ್ಪ ವಾರೆಗಣ್ಣಿನಿಂದ ನೋಡಿ, ಚಂದ ಐತ್ರಿ ಎಂದರು. ನಾವೆಲ್ಲ ನಕ್ಕೆವು. ಹಸಿರು ಬಟ್ಟೆಯ ಅಡಿಯಲ್ಲಿ ಅವರ ತೋಳು ಉಬ್ಬುತ್ತಿತ್ತು.

ಹನ್ನೊಂದು ಇಪ್ಪತ್ತಕ್ಕೆ ಬಲೂನು ಉಬ್ಬಿಸಿದರು. ಆಗ ಎದೆ ನೋಯುವುದು ಸಹಜ, ಹಾಗಾಗಿ ನಾನು ಎದೆಯಲ್ಲಿ ನೋವಿದೆಯೇ ಎಂದು ಬೇರೆಯಾಗಿ ಕೇಳಿದೆ.

"ಎದ್ಯಾಗ ಏನಿಲ್ರಿ ಅಕ್ಕಾರ. ಕೈ..."

"ಕೈ ಅಲುಗಾಡಿಸಬ್ಯಾಡ್ರಿ ಅಂತ ಹೇಳೇನಿಲ್ಲೋ? ಕೇಳಿದ್ದಕ್ಕಷ್ಟ ಹೇಳ್ರಿ. ಆರಾಮ ಅದೀರಿಲ್ಲ?"

ಅವರು ಕಣ್ಣು ಮುಚ್ಚಿದರು. ತಡೆದು, ತಡೆದು, ಆರಾಮ ಎಂದರು. ಹನ್ನೊಂದು ಇಪ್ಪತ್ತರ ಸಾಲಿನಲ್ಲಿ ಅದನ್ನೇ ಬರೆದೆ.

ಹನ್ನೊಂದು ನಲವತ್ತಕ್ಕೆ ಕೇಸು ಮುಗಿಯಿತು. ಸ್ಟೆಂಟ್ ಚೊಕ್ಕವಾಗಿ ಕೂತಿತ್ತು, ನಾಳ ಪೂರ್ತಿ ತೆರೆದಿತ್ತು. ಡಾಕ್ಟರು ಕೈಗವಸು ಕಳಚಿ ನನ್ನ ಕಡೆ ಹೆಬ್ಬೆರಳು ಎತ್ತಿದರು. ನಾನು ಬಟ್ಟೆ ತೆಗೆದೆ. ಮಣಿಕಟ್ಟಿನಿಂದ ಮೊಣಕೈವರೆಗೆ ತೋಳು ಬಿಗಿದು ಹೊಳೆಯುತ್ತಿತ್ತು. ಮುಟ್ಟಿದೆ, ಕಟ್ಟಿಗೆಯ ಹಾಗೆ ಗಟ್ಟಿ. ಡಾಕ್ಟರಿಗೆ ತೋರಿಸಿದೆ. ಅವರು ಬಾಗಿಲಲ್ಲಿ ನಿಂತೇ ನೋಡಿ, ಸ್ವಲ್ಪ ರಕ್ತ ಸೋರಿದೆ, ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ ಐಸಿಯುಗೆ ಕಳಿಸಿ, ನೋವಿದೆಯಾ ಕೇಳಿ ಎಂದರು. ಹೊರಗೆ ಸ್ಟ್ರೆಚರಿನಲ್ಲಿ ಹುನಗುಂದದಿಂದ ಬಂದ ಹಾರ್ಟ್ ಅಟ್ಯಾಕಿನ ರೋಗಿಯೊಬ್ಬರು ಕಾಯುತ್ತಿದ್ದರು. ನಾನು ಬ್ಯಾಂಡೇಜ್ ಸುತ್ತುತ್ತಲೇ ಕೇಳಿದೆ. ಏನು ಕೇಳಿದೆ ಎಂದು ಇನ್ನೊಮ್ಮೆ ಬರೆಯುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಅವರು ಏನು ಹೇಳಿದರು ಎನ್ನುವುದನ್ನೂ ಬರೆಯಬೇಕಾಗಿಲ್ಲ.

ಐಸಿಯುನಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ ನಾನೇ ತಯಾರು ಮಾಡಿದವಳು. ಅವಳೂ ನನ್ನ ಪ್ರಶ್ನೆಯನ್ನೇ ಕೇಳಿದಳು. ಗಂಟೆಗೊಮ್ಮೆ ಕೇಳಿ ಗಂಟೆಗೊಮ್ಮೆ ಬರೆದಳು. ತೋಳಿನ ಮೇಲೆ ಕಣ್ಣಿಡು ಎಂದು ನಾನು ಅವಳಿಗೆ ಹೇಳಿ ಕಳಿಸಿರಲಿಲ್ಲ. ಸಂಜೆ ನಾಲ್ಕೂವರೆಗೆ ರೋಗಿಗಳನ್ನು ಭೇಟಿಯಾಗುವ ಸಮಯ. ನೀಲವ್ವ ಒಳಗೆ ಬಂದು ಗಂಡನ ಮುಖ ನೋಡಿದರು, ಏನನ್ನೂ ಕೇಳಲಿಲ್ಲ, ಸೀದಾ ಹೊದಿಕೆ ಸರಿಸಿದರು. ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಹಿಡಿದು ನೋಡಿದರೆ ತಣ್ಣಗೆ. ಮಡಚಿರಿ ಎಂದರೆ ಒಂದೂ ಮಡಚಲಿಲ್ಲ.

ಸರ್ಜನ್ ಬಂದು, ಆಪರೇಷನ್ ಥಿಯೇಟರ್ ಸಿದ್ಧವಾಗಿ, ಒತ್ತಡ ಬಿಡಿಸಲು ತೋಳಿನ ಚರ್ಮವನ್ನು ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳುವ ಹೊತ್ತಿಗೆ ಸಂಜೆ ಏಳು ಗಂಟೆ. ಇಂಥದ್ದನ್ನು ಆರು ತಾಸಿನೊಳಗೆ ಮಾಡಿದರೆ ಕೈ ಉಳಿಯುವ ಆಸೆ ಇರುತ್ತದೆ. ಸೋರಿಕೆ ಶುರುವಾಗಿ ಆಗಲೇ ಎಂಟು ತಾಸು ಆಗಿತ್ತು. ಒಳಗಿನ ಸ್ನಾಯು ಕೆಂಪಗಿರಬೇಕಾದದ್ದು ಕಪ್ಪಾಗಿತ್ತು. ಸತ್ತದ್ದನ್ನು ಕತ್ತರಿಸಿ ತೆಗೆದರು. ಜೀವಕ್ಕೆ ಅಪಾಯವಿಲ್ಲ ಎಂದರು, ಹೃದಯ ಕುದುರೆಯ ಹಾಗಿದೆ ಎಂದೂ ಹೇಳಿದರು. ಆ ಕೈ ಮುಂದೆ ಒಣಗಿ, ಬೆರಳುಗಳು ಒಳಮುಖವಾಗಿ ಸೆಟೆದು ನಿಂತವು. ಚಹಾದ ಲೋಟ ಹಿಡಿಯುವುದಕ್ಕೂ ಅದು ಬಾರದು.

ಎರಡು ತಿಂಗಳಾದ ಮೇಲೆ ನೀಲವ್ವ ಆಸ್ಪತ್ರೆಗೆ ಅರ್ಜಿ ಕೊಟ್ಟರು. ಬೇಡಿದ್ದು ಹೆಚ್ಚೇನಲ್ಲ. ನಮ್ಮದು ತಪ್ಪಾಯಿತು ಎಂದು ಒಂದು ಕಾಗದದಲ್ಲಿ ಬರೆದುಕೊಡಿ, ಅಷ್ಟೇ. ಆಡಳಿತದವರು ವಿಚಾರಣೆ ಇಟ್ಟರು. ಉದ್ದ ಮೇಜಿನ ಒಂದು ಕಡೆ ಡಾಕ್ಟರು, ನಾನು, ಆಡಳಿತಾಧಿಕಾರಿ. ಇನ್ನೊಂದು ಕಡೆ ಗಂಡ ಹೆಂಡತಿ. ಮಲ್ಲಪ್ಪ ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೇಜಿನ ಕೆಳಗೆ ಇಟ್ಟುಕೊಂಡಿದ್ದರು. ನಮ್ಮನ್ನು ನೋಡಿದ ಕೂಡಲೇ ಎದ್ದು ನಿಂತು ಎಡಗೈ ಎದೆಗಿಟ್ಟು ನಮಸ್ಕಾರ ಮಾಡಿದರು.

ಆಡಳಿತಾಧಿಕಾರಿ ನನ್ನ ಚಾರ್ಟ್ ತೆರೆದು ಓದಿದರು. ಹತ್ತು ಐವತ್ತೈದು, ರೋಗಿ ಆರಾಮ. ಹನ್ನೊಂದು ಗಂಟೆ, ರೋಗಿ ಆರಾಮ. ಹೀಗೆ ಹನ್ನೊಂದು ಮೂವತ್ತೈದರವರೆಗೆ ಒಂಬತ್ತು ಸಾಲು, ಒಂಬತ್ತರ ಮುಂದೂ ನನ್ನ ಸಹಿ. ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ಶಾಲೆಯಲ್ಲಿ ಹೊಗಳುತ್ತಿದ್ದರು. ಆವತ್ತೂ ಅದು ಹಾಗೇ ಇತ್ತು. ಓದಿ ಮುಗಿಸಿ ಅವರು ಮಲ್ಲಪ್ಪನವರ ಕಡೆ ತಿರುಗಿದರು.

"ಸಿಸ್ಟರ್ ಕೇಳಿದಾಗ ನೀವು ಆರಾಮ ಅಂದ್ರೋ ಇಲ್ಲೋ? ಖರೆ ಹೇಳ್ರಿ."

"ಅಂದೇನ್ರಿ."

"ಎಲ್ಲಾ ಸಲಾನೂ?"

"ಕೇಳಿದಾಗೆಲ್ಲ ಅಂದೇನ್ರಿ. ಅವರು ಅಷ್ಟು ಕಾಳಜೀಲೆ ಕೇಳಾಕತ್ತಿದ್ರು. ಬ್ಯಾರೆ ಹ್ಯಾಂಗ ಅನ್ನೂದ್ರಿ?"

ಒಬ್ಬ ಮನುಷ್ಯ ಸುಳ್ಳು ಹೇಳಲಿ ಎಂದು ನಾನು ಜೀವನದಲ್ಲಿ ಬೇಡಿಕೊಂಡಿದ್ದು ಅದೊಂದೇ ಸಲ. ಆತ ಹೇಳಲಿಲ್ಲ. ಡಾಕ್ಟರು ನೆಮ್ಮದಿಯಿಂದ ಕುರ್ಚಿಗೆ ಒರಗಿದರು. ಅವರನ್ನು ನಾನು ದೂರುವುದಿಲ್ಲ. ಆ ಮಾತನ್ನು ಅವರು ಅಕ್ಷರಶಃ ನಂಬಿದ್ದರು, ಅವರ ಊರಿನಲ್ಲಿ ಆರಾಮ ಎಂದರೆ ಆರಾಮವೇ. ಆದರೆ ನೀಲವ್ವ ನೋಡುತ್ತಿದ್ದದ್ದು ಡಾಕ್ಟರನ್ನಲ್ಲ.

"ಸಿಸ್ಟರ, ನಿಮ್ಮೂರು ಕಮತಗಿ ಅಂತ. ಹೌದಿಲ್ರಿ?"

ಹೌದು ಎಂದೆ.

"ಸಾಹೇಬ್ರು ಮೈಸೂರು ಕಡ್ಯಾವ್ರು, ಅವರಿಗೆ ತಿಳಿಯಂಗಿಲ್ಲ. ನಮ್ಮ ಮನ್ಯಾರು ಲಾರಿ ಕೆಳಗ ಬಿದ್ದರೂ ಆರಾಮ ಅಂತಾರ. ನಿಮ್ಮ ಮನ್ಯಾಗೂ ಹಂಗ ಅಂತಾರ. ನಿಮಗ ತಿಳಿಲಿಲ್ಲೇನ್ರಿ?"

ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ತಿಳಿದಿತ್ತು ಎಂದು ಒಂದು ಮಾತು ನಾನು ಅಂದಿದ್ದರೆ ಆಕೆಗೆ ಬೇಕಾದ ಕಾಗದ ಅವತ್ತೇ ಸಿಗುತ್ತಿತ್ತು. ಹನ್ನೊಂದು ಇಪ್ಪತ್ತಕ್ಕೆ ಅವರು ಕೈ ಎಂದಿದ್ದರು, ನಾನು ಬಾಯಿ ಮುಚ್ಚಿಸಿದ್ದೆ, ಅದನ್ನು ಚಾರ್ಟಿನಲ್ಲಿ ಬರೆಯಲಿಲ್ಲ ಎಂದು ಹೇಳಬಹುದಿತ್ತು. ಮಲ್ಲಪ್ಪನವರಿಗೂ ಅದು ನೆನಪಿತ್ತು. ಅವರು ತಲೆ ತಗ್ಗಿಸಿ ಟವೆಲಿನ ಅಂಚನ್ನು ನೋಡುತ್ತಿದ್ದರು, ನನ್ನ ಮರ್ಯಾದೆ ಕಾಯುವುದಕ್ಕೆ ಸುಮ್ಮನಿದ್ದರು. ನಾನು ನನ್ನ ಕೆಲಸ ಕಾಯುವುದಕ್ಕೆ ಸುಮ್ಮನಿದ್ದೆ. ರೋಗಿ ಹೇಳಿದ್ದನ್ನು ಬರೆದಿದ್ದೇನೆ ಎಂದಷ್ಟೇ ಅಂದೆ.

ಆಸ್ಪತ್ರೆಯ ಕಡೆಯಿಂದ ಲೋಪವಿಲ್ಲ ಎಂದು ಬರೆದು ಅರ್ಜಿ ಮುಚ್ಚಿದರು. ಮುಂದಿನ ವಾರ ನನಗೊಂದು ಪತ್ರ ಬಂತು, ದಾಖಲೆಗಳನ್ನು ಅಚ್ಚುಕಟ್ಟಾಗಿ ಇಟ್ಟಿದ್ದಕ್ಕೆ ಮೆಚ್ಚುಗೆ. ಅದರ ಪ್ರತಿಯನ್ನು ನೋಟಿಸ್ ಬೋರ್ಡಿಗೂ ಹಚ್ಚಿದರು. ಹುಡುಗಿಯರು ಚಪ್ಪಾಳೆ ತಟ್ಟಿ ಪೇಡೆ ಕೇಳಿದರು. ನಾನು ಪೇಡೆ ತರಿಸಿಕೊಟ್ಟೆ. ನನ್ನ ಬಗ್ಗೆ ನನಗೆ ಹೇಸಿಗೆ ಹುಟ್ಟಿದ್ದು ಆ ವಿಚಾರಣೆಯ ದಿನವಲ್ಲ, ಪೇಡೆ ಹಂಚಿದ ದಿನ.

ಅದಾದ ಮೇಲೆ ನಿವೃತ್ತಿಯವರೆಗೆ ನನ್ನ ಕ್ಯಾತ್‌ಲ್ಯಾಬಿನಲ್ಲಿ ಆರಾಮ ಎಂಬ ಮಾತನ್ನು ನಿಲ್ಲಿಸಿದೆ. ಹೊಸ ಸಿಸ್ಟರುಗಳು ಬಾಯಿತಪ್ಪಿ ಆ ಪ್ರಶ್ನೆ ಕೇಳಿದರೆ ಎಲ್ಲರೆದುರೇ ಬೈಯುತ್ತಿದ್ದೆ. ಎಲ್ಲಿ ನೋವು ಎಂದು ಕೇಳಿ, ನೋವಿದೆಯೇ ಎಂದು ಕೇಳಬೇಡಿ. ಬಟ್ಟೆ ಎತ್ತಿ ಕೈ ನೋಡಿ. ಬೆರಳು ಮಡಚಲು ಹೇಳಿ, ಎರಡೂ ಕೈ ಮುಟ್ಟಿ ಬಿಸಿ ಹೋಲಿಸಿ. ರೋಗಿ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಅರ್ಧವಾಗಿಯೇ ಚಾರ್ಟಿನಲ್ಲಿ ಬರೆಯಿರಿ. ಹೆಡ್‌ಮಾಸ್ತರಬಾಯಿಗೆ ವಯಸ್ಸಾಯಿತು ಎಂದು ನಗುತ್ತಿದ್ದರು, ಆದರೂ ಕಲಿತರು. ಆಮೇಲೆ ಇಬ್ಬರ ತೋಳಿನಲ್ಲಿ ಹೀಗೇ ರಕ್ತ ಸೋರಿತು, ಇಬ್ಬರದೂ ಐದು ನಿಮಿಷದಲ್ಲಿ ಗೊತ್ತಾಯಿತು, ಇಬ್ಬರ ಕೈಯೂ ಉಳಿಯಿತು. ವೃತ್ತಿ ನನಗೆ ಕಲಿಸಿದ ಪಾಠ ಇದೇ. ಎಂಥ ಉತ್ತರ ಬರುತ್ತದೆ ಎಂದು ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಕೇಳುವವರು ರೋಗಿಯನ್ನು ಕೇಳುತ್ತಿರುವುದಿಲ್ಲ, ತಮ್ಮ ಬೆನ್ನು ಕಾಯ್ದುಕೊಳ್ಳುತ್ತಿರುತ್ತಾರೆ. ಈ ಪಾಠದ ಶುಲ್ಕವನ್ನು ಬೇರೊಬ್ಬರು ತಮ್ಮ ಬಲಗೈಯಿಂದ ಕೊಟ್ಟರು.

ಕಳೆದ ವರ್ಷ ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ ಇಳಕಲ್ಲಿಗೆ ಹೋದೆ. ಕಮತಗಿಯಲ್ಲಿ ಬಸ್ಸು ಹತ್ತಿದಾಗಿನಿಂದ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಓದಿಕೊಂಡಿದ್ದೆ. ನಂದು ತಪ್ಪಾತ್ರಿ ಅಣ್ಣಾರ, ನನಗ ತಿಳಿದಿತ್ತು, ಅವತ್ತು ಮುಚ್ಚಿಟ್ಟೆ. ಮೂರೇ ಮಾತು. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಕೈ ಹೋದ ಮಲ್ಲಪ್ಪ ಎಂದರೆ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಗ್ಗದ ಕುಣಿಯಲ್ಲಿ ನೀಲವ್ವ ಕೂತು ನೇಯುತ್ತಿದ್ದರು. ಮಲ್ಲಪ್ಪ ಗೋಡೆಗೆ ಒರಗಿ, ಎಡಗೈಯಿಂದ ರಾಟಿ ತಿರುಗಿಸುತ್ತಾ, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನೂಲು ಹಾದುಹೋಗಲು ಬಲಗೈಯ ಸೆಟೆದ ಬೆರಳುಗಳು ಕೊಂಡಿಯಂತೆ ಉಪಯೋಗವಾಗುತ್ತಿದ್ದವು. ನನ್ನನ್ನು ನೋಡಿ ಅವರ ಮುಖ ಅರಳಿತು.

"ಬರ್ರಿ ಅಕ್ಕಾರ. ಆರಾಮ?"

"ಆರಾಮ" ಎಂದೆ.

ಓದಿಕೊಂಡ ಮೂರು ಮಾತು ಅಲ್ಲಿಗೇ ಮುಗಿದವು. ಮಗ್ಗದ ಸದ್ದು ನಿಂತಿತು. ನೀಲವ್ವ ನನ್ನ ಮುಖ ನೋಡಿದರು, ಮತ್ತೆ ಹಗ್ಗ ಜಗ್ಗಿದರು. ಮಲ್ಲಪ್ಪ ಮಳೆಯ ಬಗ್ಗೆ, ಬಸ್ಸಿನ ಗದ್ದಲದ ಬಗ್ಗೆ, ಹೃದಯದ ಗುಳಿಗೆಗಳ ಬಗ್ಗೆ ಮಾತಾಡಿದರು. ಚಹಾ ಬಂತು. ಅವರು ಲೋಟವನ್ನು ಎಡಗೈಯಲ್ಲಿ ಹಿಡಿದು ಕುಡಿದರು. ಕೈಯ ವಿಷಯವನ್ನು ಅವರು ಎತ್ತಲಿಲ್ಲ, ನಾನು ಎತ್ತುವುದಕ್ಕೆ ಬಾಯಿ ತೆರೆದೆ, ಬಸ್ಸಿಗೆ ಹೊತ್ತಾಯಿತು ಎಂದೆ.

ಬೀದಿಯ ತಿರುವಿನವರೆಗೆ ಕಳಿಸಲು ನೀಲವ್ವ ಬಂದರು. ಅಲ್ಲಿ ನಿಂತು, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದರು.

"ಇನ್ನೊಮ್ಮೆ ಬರಬ್ಯಾಡ್ರಿ ಸಿಸ್ಟರ. ನೀವು ಬಂದ್ರ ನಮ್ಮ ಮನ್ಯಾರು ಮತ್ತ ಆರಾಮ ಅನಬೇಕಾಗತೈತಿ."